ನಮ್ಮ ಆ್ಯಪ್‌ನಿಂದ ಮಕ್ಕಳಿಗೆ ಉಪಯೋಗವಾಗಿದೆ. ಹೊರಗಿನವರಿಗೆ ಅದನ್ನು ತಿಳಿಸೋದು ಹೇಗೆ?

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯಲ್ಲಿ ಒಂದು ಚಿಕ್ಕ ಸಂಸ್ಥೆ ನಡೆಸುತ್ತಿದ್ದೇವೆ. ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ಕನ್ನಡ ಓದು ಕಲಿಸುವ ಆ್ಯಪ್ ಮಾಡಿದ್ದೇವೆ. ಇಂಟರ್‌ನೆಟ್ ಇಲ್ಲದೆಯೂ ಟ್ಯಾಬ್‌ನಲ್ಲಿ ನಡೆಯುತ್ತದೆ. ಸುತ್ತಲಿನ ಕೆಲವು ಸರ್ಕಾರಿ ಶಾಲೆಗಳಲ್ಲಿ ಬಳಸುತ್ತಿದ್ದಾರೆ. ಮಕ್ಕಳಿಗೆ ತುಂಬಾ ಇಷ್ಟ. ಒತ್ತಕ್ಷರ ಬಂದರೆ ಎಡವುತ್ತಿದ್ದವರು ಈಗ ಸಲೀಸಾಗಿ ಓದುತ್ತಾರೆ. ಬೇರೆ ಬೇರೆ ದೇಶಗಳ ಶಿಕ್ಷಣ ಪ್ರಯೋಗಗಳನ್ನು ಆರಿಸಿ ಬೆಂಬಲ ಕೊಡುವ ಒಂದು ವಿದೇಶಿ ಸಂಸ್ಥೆಗೆ ಅರ್ಜಿ ಹಾಕಿದ್ದೆವು. 'ಇದರಿಂದ ಮಕ್ಕಳಿಗೆ ಏನು ಸಿಕ್ಕಿತು ಅನ್ನೋದು ಸ್ಪಷ್ಟವಾಗಿಲ್ಲ' ಎಂದು ವಾಪಸ್ ಬಂತು. ಇತ್ತ ಊರಿನ ಪಾಲಕರು 'ಮೊಬೈಲ್ ಚಟಕ್ಕೆ ಇನ್ನೊಂದು ದಾರಿ' ಅನ್ನುತ್ತಾರೆ. ಕೆಲಸ ಚೆನ್ನಾಗಿ ನಡೀತಿದೆ, ಹೇಳೋಕೆ ಬರ್ತಿಲ್ಲ. ಏನು ಮಾಡೋಣ?

ಉತ್ತರ: ನೀವು ಕಳಿಸಿದ ಅರ್ಜಿಯ ಪ್ರತಿ ಓದಿದೆ. ಮೊದಲ ಪುಟದ ತುಂಬ ಟ್ಯಾಬೇ ಇದೆ. ಪರದೆ ಎಷ್ಟು ಇಂಚು, ಬ್ಯಾಟರಿ ಎಷ್ಟು ಗಂಟೆ ಬರುತ್ತೆ, ಆ್ಯಪ್‌ನಲ್ಲಿ ಎಷ್ಟು ಆಟ ಇವೆ, ಎಲ್ಲ ವಿವರವಾಗಿ ಬರೆದಿದ್ದೀರಿ. ಮಗು ಬರೋದು ಎರಡನೇ ಪುಟದ ಕೊನೆಗೆ. ಅದೂ 'ಮಕ್ಕಳು ಸಂತೋಷದಿಂದ ಕಲಿಯುತ್ತಿದ್ದಾರೆ' ಅನ್ನುವ ಒಂದೇ ಸಾಲಿನಲ್ಲಿ. ನನಗೆ ಬರೆದ ಪ್ರಶ್ನೆಯಲ್ಲಿ ಮಾತ್ರ 'ಒತ್ತಕ್ಷರ ಬಂದರೆ ಎಡವುತ್ತಿದ್ದವರು' ಅಂದಿದ್ದೀರಿ. ನಿಮ್ಮ ಕೆಲಸದ ತಿರುಳೇ ಅದು. ಅರ್ಜಿಯಲ್ಲಿ ಎಲ್ಲೂ ಇಲ್ಲ!

ಇಂಥ ಅರ್ಜಿಗಳನ್ನು ಓದಿ ಆರಿಸುವ ಜಾಗದಲ್ಲಿ ನಾನೂ ಕೂತಿದ್ದೇನೆ. ಟ್ಯಾಬ್‌ನಿಂದ ಶುರುವಾಗುವ ಅರ್ಜಿ ಕಂಡರೆ ಅಲ್ಲಿನವರಿಗೆ ಯಾಕೆ ಅನುಮಾನ ಬರುತ್ತೆ ಅನ್ನೋದನ್ನು ಮೊದಲು ಹೇಳಿಬಿಡುತ್ತೇನೆ. ಅದರ ಹಿಂದೆ ಒಂದು ದೊಡ್ಡ ಕಥೆ ಇದೆ.

2005ರ ಜನವರಿಯಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ನಿಕೊಲಸ್ ನೆಗ್ರೊಪಾಂಟೆ ಅವರು ದಾವೋಸ್‌ನ ಜಾಗತಿಕ ಆರ್ಥಿಕ ವೇದಿಕೆಯ ಸಭೆಯಲ್ಲಿ ಒಂದು ಮಾತು ಕೊಟ್ಟರು. ಬಡ ದೇಶಗಳ ಪ್ರತಿ ಮಗುವಿಗೂ 100 ಡಾಲರ್‌ನ ಲ್ಯಾಪ್‌ಟಾಪ್. ಯೋಜನೆಯ ಹೆಸರು 'ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್'. ಅದೇ ವರ್ಷ ನವೆಂಬರ್‌ನಲ್ಲಿ ಟ್ಯುನಿಸ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ. ಮಾದರಿ ಯಂತ್ರ ಅಲ್ಲಿಗೆ ಬಂತು. ಹಸಿರು ಬಣ್ಣ, ಪಕ್ಕದಲ್ಲಿ ಹಳದಿ ಹಿಡಿಕೆ. ಕರೆಂಟ್ ಇಲ್ಲದ ಹಳ್ಳಿಯಲ್ಲಿ ಕೈಯಿಂದಲೇ ತಿರುಗಿಸಿ ಚಾರ್ಜ್ ಮಾಡಬಹುದು ಅನ್ನೋದು ಅದರ ದೊಡ್ಡ ಆಕರ್ಷಣೆ. ಆಗಿನ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಎಲ್ಲರೆದುರು ಹಿಡಿಕೆ ತಿರುಗಿಸಿದರು. ಹಿಡಿಕೆ ಕಿತ್ತು ಕೈಗೆ ಬಂತು. ಕೊನೆಗೆ ತಯಾರಾದ ಯಂತ್ರದಲ್ಲಿ ಆ ಹಿಡಿಕೆ ಇರಲಿಲ್ಲ. ಬೆಲೆಯೂ 100ರಲ್ಲಿ ನಿಲ್ಲದೆ 188 ಡಾಲರ್ ಹತ್ತಿರ ಹೋಯಿತು.

ಇದೆಲ್ಲ ಚಿಕ್ಕ ವಿಷಯ ಬಿಡಿ. ಹೊಸ ಯಂತ್ರ ಅಂದರೆ ಹೀಗೆಲ್ಲ ಆಗೋದೇ. ದೊಡ್ಡ ಪೆಟ್ಟು ಬಿದ್ದದ್ದು ಪೆರು ದೇಶದಿಂದ. ಅಲ್ಲಿನ ಸರ್ಕಾರ 8 ಲಕ್ಷಕ್ಕೂ ಜಾಸ್ತಿ ಲ್ಯಾಪ್‌ಟಾಪ್ ತೆಗೆದುಕೊಂಡಿತು. ಅಷ್ಟು ಬೇರೆ ಯಾವ ದೇಶವೂ ತೆಗೆದುಕೊಂಡಿರಲಿಲ್ಲ. ಆಮೇಲೆ ಇಂಟರ್ ಅಮೆರಿಕನ್ ಡೆವಲಪ್‌ಮೆಂಟ್ ಬ್ಯಾಂಕ್‌ನ ಸಂಶೋಧಕರು ಹಳ್ಳಿಗಳ 319 ಪ್ರಾಥಮಿಕ ಶಾಲೆಗಳನ್ನು ಹಿಡಿದು ನೋಡಿದರು. ಲ್ಯಾಪ್‌ಟಾಪ್ ಬಂದ ಶಾಲೆಗಳಲ್ಲಿ ಮಗುವಿಗೊಂದಕ್ಕಿಂತ ಜಾಸ್ತಿ ಕಂಪ್ಯೂಟರ್ ಇದ್ದವು. ಬರದ ಕಡೆ ಎಂಟು ಮಕ್ಕಳಿಗೆ ಒಂದು. 15 ತಿಂಗಳಾದ ಮೇಲೆ ಪರೀಕ್ಷೆ ಮಾಡಿದರೆ ಗಣಿತದಲ್ಲೂ ಭಾಷೆಯಲ್ಲೂ ಎರಡೂ ಕಡೆಯ ಮಕ್ಕಳು ಹೆಚ್ಚುಕಡಿಮೆ ಒಂದೇ. ಬುದ್ಧಿ ಚುರುಕಿನ ಕೆಲವು ಪರೀಕ್ಷೆಗಳಲ್ಲಿ ಲ್ಯಾಪ್‌ಟಾಪ್ ಸಿಕ್ಕ ಮಕ್ಕಳು ಸ್ವಲ್ಪ ಮುಂದೆ ಇದ್ದರು, ಅಷ್ಟೆ. 2012ರಲ್ಲಿ ಈ ವರದಿ ಬಂತು. ಆವತ್ತಿನಿಂದ ಈ ಕ್ಷೇತ್ರದಲ್ಲಿ ಯಾರಾದರೂ 'ಇಷ್ಟು ಸಾವಿರ ಟ್ಯಾಬ್ ಹಂಚಿದ್ದೇವೆ' ಅಂದರೆ ಕೇಳುವವರು ಮನಸ್ಸಿನಲ್ಲೇ 'ಪೆರು' ಅಂದುಕೊಳ್ಳುತ್ತಾರೆ.

ಅದೇ ಲ್ಯಾಪ್‌ಟಾಪ್ ಉರುಗ್ವೆಗೂ ಹೋಯಿತು. 2007ರಲ್ಲಿ 'ಪ್ಲಾನ್ ಸೀಬಲ್' ಹೆಸರಿನಲ್ಲಿ ಶುರು. ಅಲ್ಲೂ ಬರೀ ಯಂತ್ರದಿಂದ ಅಂಕ ಏರಲಿಲ್ಲ. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಶಾಲೆಗಳಿಗೆ ಇಂಟರ್‌ನೆಟ್ ಎಳೆದರು. ರಿಪೇರಿ ವ್ಯವಸ್ಥೆ ಮಾಡಿದರು. ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಟೀಚರ್ ಸಾಕಾಗುತ್ತಿರಲಿಲ್ಲ. 2012ರಿಂದ ದೂರದ ಟೀಚರನ್ನು ಗೋಡೆಯ ಮೇಲಿನ ಪರದೆಗೆ ತಂದರು. ಕೆಲವರು ಬೇರೆ ದೇಶದಲ್ಲಿ ಕೂತೇ ಪಾಠ ಮಾಡುತ್ತಿದ್ದರು. ತರಗತಿಯ ಟೀಚರ್ ಮಾತ್ರ ಮಕ್ಕಳ ಜೊತೆ ಕೋಣೆಯಲ್ಲೇ ಇರುತ್ತಿದ್ದರು. ಉರುಗ್ವೆಯವರು ಇವತ್ತು ಜಗತ್ತಿನೆದುರು ಹೆಮ್ಮೆಯಿಂದ ಹೇಳಿಕೊಳ್ಳೋದು ಇದನ್ನೇ. 'ಇಂಗ್ಲಿಷ್ ಟೀಚರ್ ಇಲ್ಲದ ಶಾಲೆಗೆ ಇಂಗ್ಲಿಷ್ ಟೀಚರ್ ಸಿಕ್ಕರು.' ಇದನ್ನು ಅರ್ಥ ಮಾಡಿಕೊಳ್ಳೋಕೆ ಯಾರಿಗೂ ತಂತ್ರಜ್ಞಾನ ಗೊತ್ತಿರಬೇಕಿಲ್ಲ.

(ಹೀಗೆ ದೂರದಿಂದ ಪರದೆಗೆ ಪಾಠ ಬರೋದು ಉತ್ತರ ಕರ್ನಾಟಕದವರಿಗೆ ಹೊಸದೂ ಅಲ್ಲ. 1975–76ರ ಸೈಟ್ ಪ್ರಯೋಗದಲ್ಲಿ ದೇಶದ 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿವಿ ಪಾಠ ಬಂದಾಗ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಉಪಗ್ರಹ ಅಮೆರಿಕದ್ದು. ಒಂದು ವರ್ಷಕ್ಕೆ ಅಂತ ಕೊಟ್ಟಿದ್ದರು, ವರ್ಷ ಮುಗೀತು, ಹೋಯಿತು.)

ಈಗ ನಿಮ್ಮ ಅರ್ಜಿಗೆ ಬರೋಣ.

ಒತ್ತಕ್ಷರ ಯಾಕೆ ಕಷ್ಟ ಅನ್ನೋದು ನಮಗೆ ಗೊತ್ತು. ಹೊರಗಿನವರಿಗೆ ಗೊತ್ತಿಲ್ಲ. ಮೂರನೇ ತರಗತಿ ಹುಡುಗಿಯೊಬ್ಬಳು 'ಬೆಕ್ಕು ಹಳ್ಳಕ್ಕೆ ಬಿತ್ತು' ಅನ್ನೋದನ್ನು ಓದುತ್ತಾಳೆ ಅಂದುಕೊಳ್ಳಿ. ಅಕ್ಷರ ಬರುತ್ತೆ, ಕಾಗುಣಿತವೂ ಬರುತ್ತೆ. ಬೆರಳಿಟ್ಟು ಒಂದೊಂದಾಗಿ ಓದುತ್ತಾಳೆ: ಬೆಕು… ಹಳಕೆ… ಬಿತು. ಮೇಲಿನ ಸಾಲು ಪೂರ್ತಿ ಓದಿದಳು, ಕೆಳಗೆ ಕೂತಿರೋದನ್ನು ಪೂರ್ತಿ ಬಿಟ್ಟಳು. ಏನು ಓದಿದೆ ಅಂತ ಕೇಳಿದರೆ ಸುಮ್ನೆ ನಿಮ್ಮ ಮುಖ ನೋಡುತ್ತಾಳೆ. ಯಾಕಂದರೆ 'ಬೆಕು' ಅನ್ನೋ ಪ್ರಾಣಿಯನ್ನು ಅವಳು ಯಾವತ್ತೂ ನೋಡಿಲ್ಲ! ಎಷ್ಟೋ ಒತ್ತುಗಳು ಮೂಲ ಅಕ್ಷರದಂತೆ ಕಾಣೋದೇ ಇಲ್ಲ. ತ, ಮ, ಯ, ರ ಒತ್ತುಗಳನ್ನೇ ನೋಡಿ. ಅರ್ಕಾವತ್ತು ಬಂದರಂತೂ ಮೊದಲು ಹೇಳಬೇಕಾದ ಅಕ್ಷರದ ಗುರುತು ಆಮೇಲೆ ಬರುತ್ತೆ. 'ಸೂರ್ಯ'ದಲ್ಲಿ ಸಿಕ್ಕಿಬೀಳದ ಮಗು ಕಡಿಮೆ.

ಅರ್ಜಿ ಇಲ್ಲಿಂದ ಶುರುವಾಗಬೇಕು. ಹೀಗೆ ಬರೆದು ನೋಡಿ:

'ಕನ್ನಡ ಲಿಪಿಯಲ್ಲಿ ಎರಡು ವ್ಯಂಜನ ಒಟ್ಟಿಗೆ ಬಂದರೆ ಸಾಮಾನ್ಯವಾಗಿ ಎರಡನೆಯದು ರೂಪ ಬದಲಿಸಿ ಮೊದಲನೆಯದರ ಕೆಳಗೆ ಕೂರುತ್ತದೆ. ನಮ್ಮ ಶಾಲೆಗಳ ಮೂರನೇ ತರಗತಿಯ 100 ಮಕ್ಕಳಲ್ಲಿ ಇಷ್ಟು ಮಂದಿ ಬಿಡಿ ಅಕ್ಷರ ಓದುತ್ತಾರೆ, ಆದರೆ ಕೆಳಗಿನ ಅಕ್ಷರವನ್ನು ಬಿಟ್ಟುಬಿಡುತ್ತಾರೆ. ಹೀಗಾಗಿ ವಾಕ್ಯದ ಅರ್ಥ ಸಿಗುವುದಿಲ್ಲ. ನಮ್ಮ ಆ್ಯಪ್‌ನಲ್ಲಿ ಮಗು ಅಕ್ಷರದ ಕೆಳಗೆ ಇನ್ನೊಂದನ್ನು ಎಳೆದು ಕೂರಿಸಿದ ಕೂಡಲೇ ಆ ಜೋಡಿಯ ಉಚ್ಚಾರ ಕೇಳುತ್ತದೆ. ದಿನಕ್ಕೆ ಇಷ್ಟು ನಿಮಿಷ, ಇಷ್ಟು ವಾರ ಅಭ್ಯಾಸದ ನಂತರ, ಆ್ಯಪ್‌ನಲ್ಲಿ ಇಲ್ಲದ ಪದಗಳನ್ನು ಕಾಗದದ ಮೇಲೆ ಕೊಟ್ಟಾಗ, 100ರಲ್ಲಿ ಇಷ್ಟು ಮಕ್ಕಳು ಸರಿಯಾಗಿ ಓದಿದರು. ಆ್ಯಪ್ ಬಳಸದ ಪಕ್ಕದ ಶಾಲೆಗಳಲ್ಲಿ ಇಷ್ಟು.'

'ಇಷ್ಟು' ಅಂತ ಬಿಟ್ಟ ಜಾಗಗಳಲ್ಲಿ ನಿಮ್ಮ ನಿಜವಾದ ಸಂಖ್ಯೆ ಬರಬೇಕು. ಟ್ಯಾಬ್ ಇಲ್ಲಿ ಹೆಚ್ಚುಕಡಿಮೆ ಕಾಣಿಸೋದೇ ಇಲ್ಲ, ಗಮನಿಸಿ.

ಇದನ್ನು ಓದಿದ ಕೂಡಲೇ ಒಬ್ಬ ಜಾಣ ತೀರ್ಪುಗಾರ ಒಂದು ಪ್ರಶ್ನೆ ಕೇಳೇ ಕೇಳುತ್ತಾನೆ. ನೀವು ಮೊದಲೇ ಉತ್ತರ ಇಟ್ಟುಕೊಂಡಿರಬೇಕು. 'ಇದೇ ಕೆಲಸ ಮಿಂಚುಪಟ್ಟಿಯಿಂದ (ಫ್ಲ್ಯಾಶ್ ಕಾರ್ಡ್) ಆಗಲ್ವಾ?' ಒಂದು ರಟ್ಟು, ಒಂದು ಸ್ಕೆಚ್ ಪೆನ್. ಖರ್ಚೇ ಇಲ್ಲ. ಡಿಜಿಟಲ್ ಅಂತ ಹೇಳಿಕೊಳ್ಳುವ ಯಾವ ಪ್ರಯೋಗವಾದರೂ ಮೊದಲು ಗೆಲ್ಲಬೇಕಾದದ್ದು ಈ ರಟ್ಟಿನ ಎದುರು. ತುಂಬಾ ಅರ್ಜಿಗಳು ಇಲ್ಲೇ ಬೀಳುತ್ತವೆ, ಯಾಕಂದರೆ ಬರೆದವರು ಆ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡಿರೋದಿಲ್ಲ. ನಿಮ್ಮ ಹತ್ತಿರ ಒಳ್ಳೆ ಉತ್ತರ ಇದೆ ಅಂತ ನನಗನ್ನಿಸುತ್ತೆ. ಮಿಂಚುಪಟ್ಟಿ ತಾನಾಗಿ ಉಚ್ಚರಿಸೋದಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಓದಿ ಹೇಳಬೇಕು. ಸಣ್ಣ ಶಾಲೆಯಲ್ಲಿ ಎರಡು ಮೂರು ತರಗತಿಗೆ ಒಬ್ಬರೇ ಟೀಚರ್. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುವ ನಲಿಕಲಿ ಕೋಣೆ ಒಂದು ಕಡೆ, ನಾಲ್ಕು ಐದು ಇನ್ನೊಂದು ಕಡೆ. ಒಂದು ಮಗುವಿಗೆ 'ಕ್ಕ'ದಲ್ಲಿ ತೊಡಕು, ಇನ್ನೊಂದಕ್ಕೆ ಅರ್ಕಾವತ್ತಿನಲ್ಲಿ. ಮಗು ಹತ್ತು ಸಲ ತಪ್ಪು ಮಾಡಿದರೂ ಆ್ಯಪ್ ಬೇಸರ ಮಾಡಿಕೊಳ್ಳದೆ ಹತ್ತನೇ ಸಲವೂ ಅದೇ ದನಿಯಲ್ಲಿ ಹೇಳುತ್ತೆ. ಮನೆಯಲ್ಲಿ ಓದಿ ಹೇಳುವವರಿಲ್ಲದ ಮಗುವಿಗೆ ಈ ದನಿಯೇ ಮುಖ್ಯ. ಇದನ್ನು ಬರೀರಿ. 'ಕೃತಕ ಬುದ್ಧಿಮತ್ತೆ ಆಧಾರಿತ' ಅಂತ ಬರೆದಿದ್ದೀರಲ್ಲ, ಅದನ್ನು ತೆಗೀರಿ. ಆ್ಯಪ್ ಒಳಗೆ ಅಂಥದ್ದೇನೂ ನನಗೆ ಕಾಣಿಸಲಿಲ್ಲ. ಇದ್ದರೂ ಅದು ಮಗುವಿಗೆ ಏನು ಮಾಡಿಕೊಡುತ್ತೆ ಅನ್ನೋದನ್ನು ಹೇಳಿದರೆ ಸಾಕು.

ಮಗು ಎಲ್ಲಿದೆಯೋ ಅಲ್ಲಿಂದಲೇ ಶುರುಮಾಡೋದು ಎಷ್ಟು ದೊಡ್ಡ ವಿಷಯ ಅನ್ನೋದಕ್ಕೆ ನಮ್ಮ ದೇಶದಲ್ಲೇ ಒಳ್ಳೆ ಪುರಾವೆ ಇದೆ. ಸಂಶೋಧಕರಾದ ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂಡ್ರೊ ಗನಿಮಿಯನ್ ದೆಹಲಿಯಲ್ಲಿ 'ಮೈಂಡ್‌ಸ್ಪಾರ್ಕ್' ಅನ್ನುವ ತಂತ್ರಾಂಶವನ್ನು ಪರೀಕ್ಷೆ ಮಾಡಿದರು. ಶಾಲೆ ಬಿಟ್ಟ ಮೇಲೆ ಮಕ್ಕಳು ಒಂದು ಕೇಂದ್ರಕ್ಕೆ ಬರುತ್ತಿದ್ದರು. 45 ನಿಮಿಷ ಕಂಪ್ಯೂಟರ್ ಮುಂದೆ, 45 ನಿಮಿಷ ಚಿಕ್ಕ ಗುಂಪಿನಲ್ಲಿ ಪಾಠ. 619 ಮಕ್ಕಳಲ್ಲಿ ಯಾರಿಗೆ ಉಚಿತ ಸೀಟು ಅನ್ನೋದನ್ನು ಲಾಟರಿ ಎತ್ತಿ ನಿರ್ಧರಿಸಿದರು. ನಾಲ್ಕೂವರೆ ತಿಂಗಳಲ್ಲಿ ಸೀಟು ಸಿಕ್ಕ ಮಕ್ಕಳು ಗಣಿತದಲ್ಲಿ 0.37, ಹಿಂದಿಯಲ್ಲಿ 0.23 'ಸ್ಟ್ಯಾಂಡರ್ಡ್ ಡೀವಿಯೇಷನ್'ನಷ್ಟು ಮುಂದೆ ಹೋಗಿದ್ದರು. 2019ರಲ್ಲಿ ಇದು ಪ್ರಕಟವಾಯಿತು. 0.37 ಅಂದರೆ ಏನು? 100 ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಸರಿ ಮಧ್ಯದಲ್ಲಿದ್ದ ಮಗು ಸುಮಾರು 14 ಮಕ್ಕಳನ್ನು ದಾಟಿ ಮುಂದೆ ಹೋದ ಹಾಗೆ.

ಈ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಅದನ್ನು ಯಾರೂ ಜಾಸ್ತಿ ಹೇಳೋದಿಲ್ಲ. ಆರನೇ ತರಗತಿ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ಅಂಥ ಮಗು ಮೂರನೇ ತರಗತಿ ಮಟ್ಟದಿಂದ ನಾಲ್ಕನೇ ಮಟ್ಟಕ್ಕೆ ಬಂದರೂ, ಶಾಲೆಯ ಪರೀಕ್ಷೆಯಲ್ಲಿ ಕೇಳೋದು ಆರನೇ ತರಗತಿ ಲೆಕ್ಕ. ಹೀಗಾಗಿ ಗಣಿತದ ಪ್ರಗತಿ ಶಾಲೆಯ ಅಂಕದಲ್ಲಿ ಕಾಣಿಸಲೇ ಇಲ್ಲ. ನಿಮಗೂ ಇದೇ ಅಪಾಯ ಇದೆ. ಹೆಡ್‌ಮಾಸ್ಟರ್ ಕೊಟ್ಟ ಅರ್ಧವಾರ್ಷಿಕ ಅಂಕದ ಪಟ್ಟಿಯನ್ನು ಅರ್ಜಿಗೆ ಲಗತ್ತಿಸಿದ್ದೀರಿ. ಅದರಲ್ಲಿ ಏನೂ ಕಾಣಲ್ಲ. ಕಾಣೋ ಹಾಗೂ ಇಲ್ಲ. ಒತ್ತಕ್ಷರ ಕಲಿಸಿದ್ದೀರಿ ಅಂದರೆ ಒತ್ತಕ್ಷರವನ್ನೇ ಅಳೀರಿ. 20 ಪದಗಳ ಒಂದು ಪಟ್ಟಿ, ಒಂದು ಚಿಕ್ಕ ಕಥೆ, ಕಥೆ ಮೇಲೆ ಎರಡು ಪ್ರಶ್ನೆ. ಒಂದು ಮಗುವಿಗೆ ಐದು ನಿಮಿಷ ಸಾಕು.

ಅಳೆಯೋದು ಹೇಗೆ ಅಂತ ಕೇಳ್ತೀರಿ. ದುಡ್ಡಿಲ್ಲದೆಯೂ ಆಗುತ್ತೆ.

ಬರುವ ವರ್ಷ ಹೊಸ ಶಾಲೆಗಳಿಗೆ ಹೋಗಬೇಕು ಅಂತ ಇದ್ದೀರಲ್ಲ? ಎಲ್ಲ ಕಡೆ ಒಟ್ಟಿಗೆ ಹೋಗೋಕೆ ನಿಮ್ಮಲ್ಲಿ ಅಷ್ಟು ಟ್ಯಾಬ್ ಇಲ್ಲ, ಜನರೂ ಇಲ್ಲ. ಹೇಗೂ ಅರ್ಧ ಶಾಲೆಗಳಿಗೆ ಬರುವ ವರ್ಷ, ಉಳಿದ ಅರ್ಧಕ್ಕೆ ಅದರ ಮುಂದಿನ ವರ್ಷ. ಮೊದಲು ಯಾರು ಅನ್ನೋದನ್ನು ಹೆಡ್‌ಮಾಸ್ಟರುಗಳ ಎದುರಿಗೇ ಚೀಟಿ ಎತ್ತಿ ತೀರ್ಮಾನ ಮಾಡಿ. ಯಾರಿಗೂ ಬೇಜಾರಾಗಲ್ಲ. ಎರಡೂ ಕಡೆಯ ಮಕ್ಕಳನ್ನು ಜೂನ್‌ನಲ್ಲೊಮ್ಮೆ, ಫೆಬ್ರವರಿಯಲ್ಲೊಮ್ಮೆ ಓದಿಸಿ. ಮುಗೀತು. ಹೋಲಿಕೆ ಇಲ್ಲದಿದ್ದರೆ ನಿಮ್ಮ ಸಂಖ್ಯೆಗೆ ಬೆಲೆ ಬರಲ್ಲ, ಯಾಕಂದರೆ ಎಂಟು ತಿಂಗಳಲ್ಲಿ ಯಾವ ಶಾಲೆಯ ಮಗುವಾದರೂ ಒಂದಿಷ್ಟು ಕಲಿತೇ ಕಲಿಯುತ್ತೆ. ಪರೀಕ್ಷೆ ತೆಗೆದುಕೊಳ್ಳೋದು ನಿಮ್ಮ ಸಿಬ್ಬಂದಿ ಆಗಬಾರದು. ಹತ್ತಿರದ ಡಿಎಡ್ ಕಾಲೇಜಿನ ವಿದ್ಯಾರ್ಥಿಗಳನ್ನು ಕೇಳಿ. ಯಾವ ಶಾಲೆಗೆ ಆ್ಯಪ್ ಬಂದಿದೆ ಅನ್ನೋದು ಅವರಿಗೆ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೇದು. ಕಬ್ಬಿನ ಕಟಾವಿಗೆ ಅಪ್ಪ ಅಮ್ಮನ ಜೊತೆ ಹೋದ ಮಗುವನ್ನು ಪಟ್ಟಿಯಿಂದ ತೆಗೀಬೇಡಿ. ಜೂನ್‌ನಲ್ಲಿದ್ದು ಫೆಬ್ರವರಿಯಲ್ಲಿ ಸಿಗದ ಮಕ್ಕಳು ಎಷ್ಟು ಅನ್ನೋದನ್ನೂ ಬರೀರಿ.

ಸಂಖ್ಯೆ ಸಿಕ್ಕ ಮೇಲೆ ಅದನ್ನು ಹೇಳುವ ರೀತಿಗೆ ನನಗೆ ಇಷ್ಟವಾದ ಉದಾಹರಣೆ ಟಾಂಜಾನಿಯಾದ್ದು. 'ಗ್ಲೋಬಲ್ ಲರ್ನಿಂಗ್ ಎಕ್ಸ್‌ಪ್ರೈಜ್' ಅಂತ 1.5 ಕೋಟಿ ಡಾಲರ್‌ನ ಸ್ಪರ್ಧೆ ಇತ್ತು. ಟೀಚರ್ ಇಲ್ಲದ ಕಡೆ ಮಗು ತಾನೇ ಓದು, ಬರಹ, ಲೆಕ್ಕ ಕಲಿಯುವಂಥ ತಂತ್ರಾಂಶ ಮಾಡಬೇಕು ಅನ್ನೋದು ಸವಾಲು. ಟಾಂಗಾ ಪ್ರಾಂತ್ಯದ ಸುಮಾರು 170 ಹಳ್ಳಿಗಳ 2,700ರಷ್ಟು ಮಕ್ಕಳಿಗೆ ಟ್ಯಾಬ್ ಕೊಟ್ಟು 15 ತಿಂಗಳು ನೋಡಿದರು. 2019ರ ಮೇ ತಿಂಗಳಲ್ಲಿ 'ಕಿಟ್‌ಕಿಟ್ ಸ್ಕೂಲ್' ಮತ್ತು 'ಒನ್‌ಬಿಲಿಯನ್' ಅನ್ನುವ ಎರಡು ತಂಡಗಳು ಮೊದಲ ಬಹುಮಾನ ಹಂಚಿಕೊಂಡವು. ಫಲಿತಾಂಶವನ್ನು ಹೇಗೆ ಹೇಳಿದರು ನೋಡಿ. ಶುರುವಿನಲ್ಲಿ ನೂರಕ್ಕೆ 90ಕ್ಕೂ ಜಾಸ್ತಿ ಮಕ್ಕಳಿಗೆ ಸ್ವಾಹಿಲಿಯ ಒಂದೇ ಒಂದು ಪದ ಓದೋಕೆ ಬರುತ್ತಿರಲಿಲ್ಲ. 15 ತಿಂಗಳಾದ ಮೇಲೆ ಆ ಸಂಖ್ಯೆ ಅರ್ಧಕ್ಕಿಳಿಯಿತು. ಇಷ್ಟೇ. 'ಒಂದು ಪದ ಓದೋಕೆ ಬರೋದಿಲ್ಲ' ಅಂದರೆ ಹೆಲ್ಸಿಂಕಿಯವರಿಗೂ ಗೊತ್ತಾಗುತ್ತೆ, ಹಾನಗಲ್ಲಿನವರಿಗೂ ಗೊತ್ತಾಗುತ್ತೆ. ಜೊತೆಗೆ ಆ ವಾಕ್ಯದೊಳಗೇ ಒಂದು ಪ್ರಾಮಾಣಿಕತೆ ಇದೆ: ಇನ್ನರ್ಧ ಮಕ್ಕಳಿಗೆ ಇನ್ನೂ ಬಂದಿಲ್ಲ.

ನಿಮ್ಮಲ್ಲಿ ಯಾವುದು ಕೆಲಸ ಮಾಡಲಿಲ್ಲ ಅನ್ನೋದನ್ನೂ ಅರ್ಜಿಯಲ್ಲಿ ಹೇಳಿ. ನಮ್ಮವರು ಇದಕ್ಕೆ ಹೆದರುತ್ತಾರೆ. ಓದುವವರಿಗೆ ಮಾತ್ರ ಅಲ್ಲಿಂದಲೇ ನಂಬಿಕೆ ಶುರುವಾಗೋದು. ಬೋಟ್ಸ್‌ವಾನಾದಲ್ಲಿ ಕೋವಿಡ್ ಸಮಯಕ್ಕೆ ಶಾಲೆ ಮುಚ್ಚಿದಾಗ ಸಂಶೋಧಕರು ಸುಮಾರು 4,500 ಕುಟುಂಬಗಳ ಜೊತೆ ಒಂದು ಪ್ರಯೋಗ ಮಾಡಿದರು. ಕೆಲವರಿಗೆ ವಾರಕ್ಕೊಂದು ಲೆಕ್ಕ ಎಸ್‌ಎಂಎಸ್‌ನಲ್ಲಿ ಬರುತ್ತಿತ್ತು. ಇನ್ನು ಕೆಲವರಿಗೆ ಎಸ್‌ಎಂಎಸ್ ಜೊತೆ 15–20 ನಿಮಿಷ ಫೋನ್ ಮಾಡಿ ಮಗುವಿನ ಜೊತೆ ಮಾತಾಡುತ್ತಿದ್ದರು. ಬರೀ ಎಸ್‌ಎಂಎಸ್‌ನಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಫೋನ್ ಸೇರಿದಾಗ ಕಲಿಕೆ ಏರಿತು, 0.12 'ಸ್ಟ್ಯಾಂಡರ್ಡ್ ಡೀವಿಯೇಷನ್'ನಷ್ಟು. ಅದೂ ಸ್ಮಾರ್ಟ್‌ಫೋನ್ ಅಲ್ಲ, ಮಾಮೂಲಿ ಫೋನ್. 'ಎಸ್‌ಎಂಎಸ್ ಸಾಕಾಗಲಿಲ್ಲ' ಅಂತ ಅವರು ಮುಚ್ಚಿಡದೆ ಹೇಳಿದ್ದರಿಂದಲೇ 'ಫೋನ್ ಕೆಲಸ ಮಾಡಿತು' ಅನ್ನೋದಕ್ಕೆ ತೂಕ ಬಂತು. ಆಮೇಲೆ ಭಾರತವೂ ಸೇರಿ ಬೇರೆ ಐದು ದೇಶಗಳಲ್ಲಿ ಅದನ್ನು ಮಾಡಿ ನೋಡಿದರು.

ಖರ್ಚಿನ ವಿಷಯ ಒಂದೇ ಪ್ಯಾರಾದಲ್ಲಿ ಮುಗಿಸುತ್ತೇನೆ. ಒಂದು ಮಗುವಿಗೆ ಒಂದು ವರ್ಷಕ್ಕೆ ಎಷ್ಟು ಅಂತ ಲೆಕ್ಕ ಕೊಡಿ. ಟ್ಯಾಬ್ ಬೆಲೆಯನ್ನು ಅದು ಬಾಳಿಕೆ ಬರುವ ವರ್ಷಗಳಿಗೆ ಹಂಚಿ. ಒಡೆದ ಪರದೆ, ಚಾರ್ಜರ್, ಟೀಚರ್ ತರಬೇತಿ, ವಾರಕ್ಕೊಮ್ಮೆ ಶಾಲೆಗೆ ಹೋಗಿ ಬರುವ ನಿಮ್ಮ ಹುಡುಗನ ಸಂಬಳ, ಅವನ ಬೈಕಿನ ಪೆಟ್ರೋಲ್, ಎಲ್ಲ ಸೇರಿಸಿ. ಸಂಖ್ಯೆ ದೊಡ್ಡದಾಗಿ ಕಂಡರೂ ಪರವಾಗಿಲ್ಲ. ವಿಶ್ವಬ್ಯಾಂಕ್ ಮತ್ತು ಬ್ರಿಟನ್ ಸರ್ಕಾರ ಸೇರಿ ಕೂರಿಸಿದ್ದ ತಜ್ಞರ ಸಮಿತಿ 2020ರಲ್ಲಿ, ಬೇರೇನೂ ಬದಲಿಸದೆ ಬರೀ ಯಂತ್ರ ಕೊಡೋದನ್ನು 'ಕೆಟ್ಟ ಖರೀದಿ' ಪಟ್ಟಿಗೆ ಹಾಕಿತ್ತು. ನಿಮ್ಮ ಖರ್ಚಿನಲ್ಲಿ ಯಂತ್ರಕ್ಕಿಂತ ಮನುಷ್ಯರ ಪಾಲು ಜಾಸ್ತಿ ಅಂತ ಕಂಡರೆ ಅದು ನಿಮಗೆ ಒಳ್ಳೇದೇ.

ಇನ್ನು 'ಜಗತ್ತು' ಅನ್ನೋ ವಿಷಯ. 'ವಿಶ್ವದ ಎಲ್ಲ ಮಕ್ಕಳಿಗೂ ಉಪಯುಕ್ತ' ಅಂತ ಬರೆದಿದ್ದೀರಿ. ಅದನ್ನು ಯಾರೂ ನಂಬಲ್ಲ. ಶಿಕ್ಷಣ ಪ್ರಯೋಗಗಳನ್ನು ಆರಿಸುವ ಫಿನ್‌ಲ್ಯಾಂಡ್‌ನ 'ಹಂಡ್ರೆಡ್'ನಂಥ ಸಂಸ್ಥೆಗಳು ಮುಖ್ಯವಾಗಿ ಎರಡನ್ನು ನೋಡುತ್ತವೆ: ಪರಿಣಾಮ ಎಷ್ಟು, ಬೇರೆ ಕಡೆಗೆ ಹೋಗುತ್ತಾ. ಎರಡನೆಯದಕ್ಕೆ ನಿಮ್ಮ ಹತ್ತಿರ ಚಿನ್ನದಂಥ ಉತ್ತರ ಇದೆ, ನೀವು ನೋಡಿಲ್ಲ. ಅಕ್ಷರದ ಕೆಳಗೆ ಅಕ್ಷರ ಕೂರೋದು ಕನ್ನಡದಲ್ಲಿ ಮಾತ್ರ ಅಲ್ಲ. ತೆಲುಗಿನಲ್ಲಿ ಹೆಚ್ಚುಕಡಿಮೆ ಹೀಗೇ ಇದೆ. ಒಡಿಯಾದಲ್ಲಿದೆ. ಕಾಂಬೋಡಿಯಾದ ಖ್ಮೇರ್ ಲಿಪಿಯಲ್ಲಿ, ಬರ್ಮಾದ ಲಿಪಿಯಲ್ಲೂ ವ್ಯಂಜನದ ಕೆಳಗೆ ವ್ಯಂಜನ ಬರುತ್ತೆ. ಅಲ್ಲಿನ ಮಕ್ಕಳೂ ಕೆಳಗಿನದನ್ನು ಬಿಟ್ಟು ಓದುತ್ತಾರಾ ಅಂತ ಒಬ್ಬ ಖ್ಮೇರ್ ಟೀಚರನ್ನೋ, ತೆಲುಗು ಟೀಚರನ್ನೋ ಕೇಳಿ ನೋಡಿ. ಹೌದು ಅಂದರೆ ನಿಮ್ಮ ಅರ್ಜಿಗೆ ನಿಜವಾದ ಭೂಪಟ ಸಿಕ್ಕ ಹಾಗಾಯಿತು. ಎಳೆದು ಕೂರಿಸಿ ಕೇಳಿಸಿಕೊಳ್ಳುವ ವಿಧಾನ ದೇಶ ದಾಟುತ್ತೆ. ಪದಗಳೂ ದನಿಯೂ ಆಯಾ ಊರಿನವೇ ಆಗಬೇಕು. 'ಏನು ಹೋಗುತ್ತೆ, ಏನು ಹೋಗಲ್ಲ' ಅಂತ ಬಿಡಿಸಿ ಹೇಳಿ.

ಇದಕ್ಕೆ ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ಕೊಡಬಹುದು. ಪ್ರಥಮ್ ಬುಕ್ಸ್‌ನ 'ಸ್ಟೋರಿವೀವರ್' 2015ರ ಸೆಪ್ಟೆಂಬರ್ 8ರಂದು ಶುರುವಾಯಿತು. ಮಕ್ಕಳ ಕಥೆಗಳನ್ನು ಮುಕ್ತ ಪರವಾನಗಿಯಲ್ಲಿ ಇಟ್ಟರು. ಯಾರು ಬೇಕಾದರೂ ಓದಬಹುದು, ತಮ್ಮ ಭಾಷೆಗೆ ತರಬಹುದು, ಅಚ್ಚು ಹಾಕಿಸಬಹುದು. ಬೇರೆ ಯಾರ ಅನುಮತಿಗೂ ಕಾಯಬೇಕಿಲ್ಲ. ಅದು ಹೊರದೇಶಗಳಿಗೆ ಹರಡಿದ್ದಕ್ಕೆ ಈ ಪರವಾನಗಿ ದೊಡ್ಡ ಕಾರಣ. ನಿಮ್ಮ ಆ್ಯಪ್ ಯಾರದು, ಬೇರೆಯವರು ಬದಲಿಸಿಕೊಳ್ಳಬಹುದಾ ಅನ್ನೋದು ಅರ್ಜಿಯಲ್ಲಿ ಇಲ್ಲ. ತೀರ್ಮಾನ ಮಾಡಿ ಬರೀರಿ. ಗಲ್ಫ್, ಅಮೆರಿಕದ ಕನ್ನಡ ಮಕ್ಕಳಿಗೂ ಆಗುತ್ತೆ ಅಂತ ಒಂದು ಸಾಲು ಸೇರಿಸಿದ್ದೀರಿ. ಆಗಬಹುದು, ಆದರೆ ಆ ಮಗು ಬೇರೆ. ಅಲ್ಲಿನ ಎಷ್ಟೋ ಮಕ್ಕಳಿಗೆ 'ಹಳ್ಳ' ಅಂದರೇನು ಅಂತಲೇ ಗೊತ್ತಿರಲ್ಲ. ಹಾವೇರಿಯ ಸಂಖ್ಯೆಯನ್ನು ಅವರಿಗೆ ಹಚ್ಚಬೇಡಿ.

ಮಕ್ಕಳ ಮಾಹಿತಿಯ ಬಗ್ಗೆಯೂ ಕೇಳುತ್ತಾರೆ. ಕೋವಿಡ್ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ್ದ 160ಕ್ಕೂ ಹೆಚ್ಚು ಕಲಿಕಾ ಆ್ಯಪ್, ಜಾಲತಾಣಗಳನ್ನು ಹ್ಯೂಮನ್ ರೈಟ್ಸ್ ವಾಚ್ ಪರೀಕ್ಷಿಸಿತು. ಅವುಗಳಲ್ಲಿ 89 ಶೇಕಡ ಮಕ್ಕಳ ಮಾಹಿತಿ ವಿಷಯದಲ್ಲಿ ಅಪಾಯಕಾರಿಯಾಗಿ ನಡೆದುಕೊಂಡಿದ್ದವು. 2022ರ ವರದಿ ಇದು. ನಮ್ಮಲ್ಲೂ 2023ರ ಡಿಜಿಟಲ್ ದತ್ತಾಂಶ ಕಾಯ್ದೆಯ ಪ್ರಕಾರ 18ರೊಳಗಿನವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು. ನಿಮ್ಮ ಆ್ಯಪ್ ಇಂಟರ್‌ನೆಟ್ ಇಲ್ಲದೆ ನಡೆಯುತ್ತೆ, ಮಗುವಿನ ಹೆಸರಿನ ಬದಲು ಒಂದು ಚಿತ್ರ ಇಟ್ಟಿದ್ದೀರಿ. ಇದು ದೊಡ್ಡ ಗುಣ. 'ನೆಟ್ ಇಲ್ಲದ ಊರಿಗೆ ಅನುಕೂಲ' ಅಂತ ಮಾತ್ರ ಹೇಳಿ ಬಿಟ್ಟಿದ್ದೀರಿ. 'ಮಗುವಿನ ಯಾವ ಮಾಹಿತಿಯೂ ಶಾಲೆಯಿಂದ ಹೊರಗೆ ಹೋಗಲ್ಲ' ಅಂತಲೂ ಹೇಳಿ. ಆಮೇಲೆ ನಿಮ್ಮ ಫೇಸ್‌ಬುಕ್ ಪುಟದಲ್ಲಿ ಹಾಕಿರುವ ಮಕ್ಕಳ ಮುಖದ ಫೋಟೊಗಳನ್ನು ತೆಗೀರಿ. ಎರಡೂ ಒಟ್ಟಿಗೆ ಇರೋಕಾಗಲ್ಲ.

ಈಗ ನಿಮ್ಮ ಊರಿನ ಪಾಲಕರು. ನನ್ನ ಪ್ರಕಾರ ವಿದೇಶಿ ತೀರ್ಪುಗಾರರಿಗಿಂತ ಇವರ ಪ್ರಶ್ನೆ ಮುಖ್ಯ, ಕಷ್ಟವೂ ಹೌದು. 'ನಮ್ಮ ಹುಡುಗ ಮನ್ಯಾಗ ಮೊಬೈಲ್ ಬಿಡೂದ ಇಲ್ರೀ, ನೀವು ಸಾಲ್ಯಾಗೂ ಒಂದು ಕೊಡ್ತೀರೇನು?' ಅಂದರೆ ಅವರನ್ನು ತಿಳಿಯದವರು ಅಂದುಕೊಳ್ಳಬೇಡಿ. ಹಳ್ಳಿ ಮಕ್ಕಳ ಕಲಿಕೆಯ ಸಮೀಕ್ಷೆಯಾದ ಅಸರ್‌ನ 2024ರ ವರದಿ ಹಳ್ಳಿಗಳ 14ರಿಂದ 16 ವರ್ಷದ ಮಕ್ಕಳನ್ನು ಕೇಳಿತ್ತು. ಸ್ಮಾರ್ಟ್‌ಫೋನ್ ಬಳಸಲು ಬರುವವರಲ್ಲಿ ಹಿಂದಿನ ವಾರ ಓದಿಗೆ ಬಳಸಿದವರು 57 ಶೇಕಡ, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು 76 ಶೇಕಡ. ಪಾಲಕರು ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಕೋವಿಡ್ ನೆನಪೂ ಇದೆ. ಚಂದನದಲ್ಲಿ ಪಾಠ ಬರುತ್ತಿತ್ತು, ಫೋನ್ ಇದ್ದವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿತ್ತು, ಎರಡೂ ಇಲ್ಲದವರಿಗೆ ಏನೂ ಇಲ್ಲ. ಆಗ ವಿದ್ಯಾಗಮದಲ್ಲಿ ಮೇಷ್ಟ್ರು ಗುಡಿಯ ಕಟ್ಟೆಗೆ ಬಂದು ಕಲಿಸಿದ್ದು ಜನಕ್ಕೆ ಇವತ್ತಿಗೂ ನೆನಪಿದೆ.

ಅದಕ್ಕೆ ಪಾಲಕರ ಸಭೆಯಲ್ಲಿ ಟ್ಯಾಬ್ ತೋರಿಸಲೇಬೇಡಿ. ಮಕ್ಕಳಿಂದ ಓದಿಸಿ. ಯಾರ ಮನೆಯಲ್ಲಾದರೂ ಒಂದು ಲಗ್ನಪತ್ರಿಕೆ ಇದ್ದೇ ಇರುತ್ತೆ, ತರೋಕೆ ಹೇಳಿ. ಅದರಷ್ಟು ಒತ್ತಕ್ಷರ ತುಂಬಿದ ಕಾಗದ ಊರಲ್ಲಿ ಇನ್ನೊಂದಿಲ್ಲ. 'ಜ್ಯೇಷ್ಠ ಪುತ್ರ', 'ಶುಭಮುಹೂರ್ತ', 'ಬಂಧುಮಿತ್ರರೊಂದಿಗೆ' ಅಂತೆಲ್ಲ ಇರುತ್ತಲ್ಲ. ನಾಲ್ಕನೇ ತರಗತಿ ಮಗು ಎಲ್ಲರೆದುರು ಅದನ್ನು ಓದಲಿ. ಆಮೇಲೆ ಪಾಲಕರು ಮೂರು ಪ್ರಶ್ನೆ ಕೇಳುತ್ತಾರೆ: ಟ್ಯಾಬ್ ಮನೆಗೆ ಬರುತ್ತಾ? ದಿನಕ್ಕೆ ಎಷ್ಟು ಹೊತ್ತು? ಅದರಲ್ಲಿ ಯೂಟ್ಯೂಬ್ ಇದೆಯಾ? ಬರಲ್ಲ, 20 ನಿಮಿಷ, ಇಲ್ಲ. ಈ ಮೂರು ಉತ್ತರ ಶಾಲೆಯ ಗೋಡೆಗೂ ಬರೆದು ಹಾಕಿ. ನಿಮ್ಮ ಆ್ಯಪ್‌ನಲ್ಲಿ 'ಇವತ್ತಿಗೆ ಸಾಕು' ಅಂತ ತಾನೇ ಮುಚ್ಚಿಕೊಳ್ಳುವ ವ್ಯವಸ್ಥೆ ಇದೆಯಲ್ಲ, ಅರ್ಜಿಗೂ ಅದನ್ನು ಸೇರಿಸಿ.

ಟೀಚರುಗಳ ಬಗ್ಗೆ ಒಂದು ಮಾತು. ಅವರ ಫೋನಿನಲ್ಲಿ ಈಗಾಗಲೇ ಹಾಜರಿ, ಬಿಸಿಯೂಟ, ಇಲಾಖೆಯ ಗ್ರೂಪು, ತರಬೇತಿ ಅಂತ ಏನೇನೋ ತುಂಬಿದೆ. ನಿಮ್ಮ ಆ್ಯಪ್‌ನಿಂದ ಅವರಿಗೆ ಹೊಸದಾಗಿ ತುಂಬಿಸುವ ಒಂದು ಕಾಲಂ ಕೂಡ ಇಲ್ಲ ಅನ್ನೋದನ್ನೇ ಮೊದಲ ಸಾಲಾಗಿ ಹೇಳಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋದಾಗ ಒಂದೇ ಹಾಳೆ ಒಯ್ಯಿರಿ.

ವಿಡಿಯೊ ನೋಡಿದೆ. ಡ್ರೋನ್‌ನಿಂದ ತೆಗೆದ ಶಾಲೆ, ಹಿನ್ನೆಲೆಯಲ್ಲಿ ಕೊಳಲು, ಟ್ಯಾಬ್ ಎತ್ತಿ ಹಿಡಿದು ಕೈಬೀಸುವ ಮಕ್ಕಳು. ಯಾವ ದೇಶದ ಯಾವ ಯೋಜನೆಗೆ ಬೇಕಾದರೂ ಹೊಂದುತ್ತೆ. ಅದರ ಬದಲು ಫೋನಿನಲ್ಲೇ ಎರಡು ತುಣುಕು ತೆಗೀರಿ, ಮುಖ ಬೇಡ, ಪುಟ ಮತ್ತು ಬೆರಳು ಕಂಡರೆ ಸಾಕು. ಜೂನ್‌ನಲ್ಲಿ 'ಬೆಕು' ಅಂತ ಓದುವ ದನಿ. ಫೆಬ್ರವರಿಯಲ್ಲಿ ಅದೇ ಮಗು, ಅದು ಹಿಂದೆ ನೋಡಿರದ ಬೇರೊಂದು ಪುಟ. ಕೆಳಗೆ ಇಂಗ್ಲಿಷ್ ಸಾಲು ಹಾಕಿ, ತಪ್ಪಿದ ಅಕ್ಷರಕ್ಕೆ ಕೆಂಪು ಬಣ್ಣ ಕೊಡಿ. ಒಂದು ನಿಮಿಷ ದಾಟಬಾರದು.

ಅದೇ ಸಂಸ್ಥೆಗೆ ಈ ವರ್ಷವೇ ಮತ್ತೆ ಹಾಕಬೇಕಾ ಅಂತ ಪತ್ರದ ಕೊನೆಗೆ ಕೇಳಿದ್ದೀರಿ. ಬೇಡ. ನಿಮ್ಮ ಹತ್ತಿರ ಇನ್ನೂ ಹೋಲಿಕೆಯ ಸಂಖ್ಯೆ ಇಲ್ಲ. ಈ ಬೇಸಿಗೆ ರಜೆಯಲ್ಲಿ ಪದಪಟ್ಟಿ ತಯಾರು ಮಾಡಿ, ನಿಮ್ಮ ಜೊತೆ ಕೆಲಸ ಮಾಡದ ಇಬ್ಬರು ಕನ್ನಡ ಟೀಚರುಗಳಿಗೆ ತೋರಿಸಿ. ಶಾಲೆ ಶುರುವಾಗಿ ಹಾಜರಿ ಒಂದು ಹದಕ್ಕೆ ಬಂದ ಮೇಲೆ, ಅಂದರೆ ಜೂನ್ ಎರಡನೇ ವಾರದ ಹೊತ್ತಿಗೆ, ಟ್ಯಾಬ್ ಕೊಡೋದಕ್ಕೆ ಮುಂಚೆ, ಮೊದಲ ಓದಿನ ಪರೀಕ್ಷೆ ಮುಗಿಸಿಬಿಡಿ. ಪದಪಟ್ಟಿ ಆದ ಕೂಡಲೇ ನನಗೂ ಕಳಿಸಿ, ನೋಡಿ ಹೇಳುತ್ತೇನೆ.